ವರ್ಣಮಾಲೆಯೋ, ‘ರ ಗ ಸ ದ ಅ’ನೋ? ಮನೆಯಲ್ಲಿ ಓದು ಕಲಿಸುವ ಎರಡು ಕ್ರಮ

ಐದರ ಆಸುಪಾಸಿನ ಮಕ್ಕಳಿಗೆ ಎರಡೂ ಕ್ರಮದಲ್ಲಿ ಕನ್ನಡ ಓದು ಕಲಿಸಿ ನೋಡಿದ್ದೇವೆ. ಒಂದರಲ್ಲಿ 49 ಅಕ್ಷರಗಳನ್ನೂ ಸಾಲಾಗಿ ಮುಗಿಸಿ, ಆಮೇಲೆ ಕಾಗುಣಿತ, ಆಮೇಲೆ ಪದ. ಇನ್ನೊಂದರಲ್ಲಿ ರ ಗ ಸ ದ ಅ ಎಂಬ ಐದೇ ಅಕ್ಷರ ಹಿಡಿದು ನೇರ ಪದಕ್ಕೆ ಇಳಿಯುವುದು. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ತರಗತಿಗಳ ಕ್ರಮ ಇದೇ. ಓದು ಬೇಗ ಹತ್ತುವುದು ಎರಡನೆಯದರಲ್ಲಿ.

ಸಾಲು ಹಿಡಿದು ಕಲಿತ ಮಗುವಿಗೆ ‘ಮ’ ಒಂದನ್ನೇ ತೋರಿಸಿ. ಒಳಗೊಳಗೇ ‘ಪ ಫ ಬ ಭ’ ಅಂದುಕೊಂಡು ಬಂದು ‘ಮ’ ಅನ್ನುತ್ತದೆ. ಅದಕ್ಕೆ ಬರುವುದು ರಾಗ, ಆಕಾರವಲ್ಲ. ದ–ಧ, ಬ–ಭ ಅಕ್ಕಪಕ್ಕದಲ್ಲೇ ಇರುವುದು ಇನ್ನೊಂದು ಗೊಂದಲ. ಚಿತ್ರಪಟ ಇದ್ದರಂತೂ ಮಗು ಓದುವುದು ಚಿತ್ರವನ್ನು. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿದರೆ ಬಾಯಿ ಕಟ್ಟುತ್ತದೆ.

ಎರಡನೆಯ ಕ್ರಮಕ್ಕೆ ಅಂಗೈಯಗಲದ ರಟ್ಟಿನ ಚೂರುಗಳು ಸಾಕು. ಪ್ರತಿ ಅಕ್ಷರಕ್ಕೂ ಎರಡೆರಡು ಇರಲಿ, ಇಲ್ಲದಿದ್ದರೆ ‘ಗರಗಸ’ ಜೋಡಿಸಲಾಗದು. ಮೊದಲ ದಿನ ಸ, ರ ಮಾತ್ರ. ಪಕ್ಕಪಕ್ಕ ಇಟ್ಟರೆ ‘ಸರ’, ಅದಲುಬದಲು ಮಾಡಿದರೆ ‘ರಸ’. ಓದು ಅಂದರೇನು ಎಂದು ಮಗುವಿಗೆ ಹೊಳೆಯುವ ಗಳಿಗೆ ಅದು. ಅವಸರ ಮಾಡಿ ಕಳೆಯಬೇಡಿ. ಆಮೇಲೆ ದರ, ಅಗಸ, ಅರಸ. ದಿನಕ್ಕೆ ಹತ್ತು ನಿಮಿಷ ಮೀರಬಾರದು. ‘ಸ… ರ…’ ಎಂದು ತುಂಡರಿಸಿ ಓದಿದರೆ ಚೂರುಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಕೆಳಗೆ ಬೆರಳನ್ನು ಎಲ್ಲೂ ನಿಲ್ಲಿಸದೆ ಎಳೆಯಿರಿ.

ಮುಂದಿನ ಗುಂಪು ಜ ವ ಮ ಬ ನ. ಇಲ್ಲಿ ವ, ಮ ಒಂದೇ ದಿನ ಬೇಡ, ಆಕಾರ ತೀರಾ ಹತ್ತಿರ. ಮರ, ವನ, ಜನ, ಅವಸರ ಓದುತ್ತಾರೆ, ಆದರೆ ವಾಕ್ಯ ಹುಟ್ಟುವುದಿಲ್ಲ. ಈ ಕ್ರಮದ ದೊಡ್ಡ ಕೊರತೆ ಇದೇ. ಅದಕ್ಕೇ ಹತ್ತು ಅಕ್ಷರ ಆದೊಡನೆ ‘ಆ’ಕಾರದ ಗುರುತಾದ ಇಳಿ ತನ್ನಿ: ರಾ ಗಾ ಸಾ ದಾ. ‘ರಾಮಾ ಬಾ, ಸರಸರ ಬಾ’ ಎಂದು ನೀವೇ ಬರೆದುಕೊಡಿ. ಈ ಹಂತಕ್ಕೆ ಹೊಂದುವ ಅಚ್ಚಿನ ಪುಸ್ತಕ ಸಿಗುವುದು ಕಷ್ಟ.

ಕಾಗುಣಿತದಲ್ಲೂ ಹೀಗೆಯೇ. ‘ಕ ಕಾ ಕಿ ಕೀ’ ಎಂದು ಒಂದೇ ಅಕ್ಷರಕ್ಕೆ ಎಲ್ಲ ಗುರುತು ಹಚ್ಚುವುದಕ್ಕಿಂತ ಒಂದೇ ಗುರುತನ್ನು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿದರೆ ಕಣ್ಣು ಗುರುತಿನ ಮೇಲೆ ನಿಲ್ಲುತ್ತದೆ. ಗುಡಿಸು ಬಂದಾಗ ತಲಕಟ್ಟು ಹೋಗುತ್ತದೆ (ಗ, ಗಿ), ಅದನ್ನು ಬೆರಳಿಟ್ಟು ತೋರಿಸಿ. ಕೊಂಬು ಸಾಮಾನ್ಯವಾಗಿ ಬಲಕ್ಕೆ; ಪು, ಫು, ವು ಗಳಲ್ಲಿ ಮಾತ್ರ ಕೆಳಗೆ. ‘ವ’ದ ಬಲಕ್ಕೆ ಕೊಂಬು ಹಚ್ಚಿ ತೋರಿಸಿದರೆ ಅದು ‘ಮ’ದಂತೆ ಕಾಣುತ್ತದೆ, ಕಾರಣ ಮಗುವಿಗೇ ತಿಳಿಯುತ್ತದೆ.

ವರ್ಣಮಾಲೆಯನ್ನು ಬಿಡಬೇಕಿಲ್ಲ. ಮಹಾಪ್ರಾಣಗಳ ಉಚ್ಚಾರಕ್ಕೆ, ಮುಂದೆ ನಿಘಂಟು ನೋಡುವುದಕ್ಕೆ ಅದೇ ಬೇಕು. ಬಾಯಿಪಾಠವಾಗಿ ದಿನವೂ ಹಾಡಿಸಿ. ಓದಿನ ಪಾಠಕ್ಕೆ ಬೆರೆಸಬೇಡಿ.

ಒತ್ತಕ್ಷರ ಎರಡೂ ಕ್ರಮದಲ್ಲಿ ಒಂದೇ ಕಷ್ಟ. ಅಜ್ಜ, ಅಪ್ಪ, ಹಗ್ಗ ಮೊದಲು, ಒತ್ತು ಮೂಲ ಅಕ್ಷರದಂತೆಯೇ ಇರುತ್ತದೆ. ಆಕಾರ ಬದಲಾಗುವ ಅನ್ನ, ಎಲ್ಲ, ಹತ್ತು ಆಮೇಲೆ. ‘ಅಮ್ಮ’ ಮಾತ್ರ ಇಡೀ ಪದವಾಗಿ ಮೊದಲೇ ಕಲಿಸಿಬಿಡಿ, ಅದಕ್ಕೆ ಯಾವ ಮಗುವೂ ಕಾಯುವುದಿಲ್ಲ.