ಸವೆದ ಸ್ನೀಕರ್ ಫೋಟೋ ಎಲ್ಲಿ ಹಾಕೋದು: ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ ನಾನು ಫ್ಲಿಕರ್‌ನಲ್ಲೇ ಉಳಿದೆ

ಹೊಸ ಶೂ ಫೋಟೋ ಎಲ್ಲಿ ಹಾಕಿದರೂ ನಡೆಯುತ್ತದೆ. ಡಬ್ಬ ತೆರೆದ ಕೂಡಲೇ ಒಂದು ಕ್ಲಿಕ್, ಒಂದಷ್ಟು ಲೈಕ್, ಅಲ್ಲಿಗೆ ಮುಗೀತು. ಹಾಕಿ ಹಾಕಿ ಸವೆದ ಶೂ ಫೋಟೋಗೆ ಇದು ಸಾಲದು. ಅದರಲ್ಲಿ ನೋಡಬೇಕಾದದ್ದೆಲ್ಲ ಸಣ್ಣಪುಟ್ಟ ವಿವರ. ಬೆರಳು ಮಡಚುವ ಕಡೆ ಬಿದ್ದ ಗೆರೆಗಳು, ಹಿಮ್ಮಡಿಯ ಹೊರಮೂಲೆಯಲ್ಲಿ ತೆಳ್ಳಗಾದ ಅಟ್ಟೆ, ಬಿಳಿ ಮಿಡ್‌ಸೋಲ್‌ಗೆ (ಅಟ್ಟೆಯ ಮೇಲಿನ ಮೆತ್ತನೆ ಪದರ) ಹತ್ತಿದ ಹಳದಿ. ಇವು ಕಾಣದಿದ್ದರೆ ಫೋಟೋ ಹಾಕಿ ಏನು ಪ್ರಯೋಜನ? ಅದಕ್ಕೇ ಇನ್‌ಸ್ಟಾಗ್ರಾಂ, ಗುಂಪು ಚರ್ಚೆಯ ಸೈಟು ರೆಡ್ಡಿಟ್, ಫೋಟೋ ಇಡುವ ಸೈಟು ಫ್ಲಿಕರ್ ಮೂರನ್ನೂ ಬಹಳ ಕಾಲದಿಂದ ಇದೊಂದೇ ಕೆಲಸಕ್ಕೆ ಬಳಸುತ್ತಾ ಬಂದಿದ್ದೇನೆ. ಕೊನೆಗೆ ನನ್ನ ಶೂಗಳೆಲ್ಲ ಹೋಗಿ ಸೇರಿದ್ದು ಫ್ಲಿಕರ್‌ಗೆ.

ಇನ್‌ಸ್ಟಾಗ್ರಾಂನಲ್ಲಿ ಜನ ಜಾಸ್ತಿ, ಅದನ್ನು ಒಪ್ಪಲೇಬೇಕು. ಆದರೆ ಶೂ ಅಡ್ಡಕ್ಕೆ ಉದ್ದ ಇರುವ ವಸ್ತು, ಫೋನ್ ಪರದೆ ನೆಟ್ಟಗೆ ನಿಂತಿರುವಂಥದ್ದು. ಎರಡಕ್ಕೂ ಹೊಂದಿಕೆಯೇ ಇಲ್ಲ. 2015ರ ಆಗಸ್ಟ್‌ವರೆಗೆ ಅಲ್ಲಿ ಚೌಕ ಫೋಟೋ ಬಿಟ್ಟು ಬೇರೆ ಅಳತೆಗೆ ಜಾಗವೇ ಇರಲಿಲ್ಲ. ಆಮೇಲೆ ಅಡ್ಡ ಫೋಟೋಗೂ ಒಪ್ಪಿದರು, ಆದರೆ ಪರದೆಯ ಮೇಲೆ ಅದು ಸಣ್ಣ ಪಟ್ಟಿಯಾಗಿ ಕಾಣುತ್ತದೆ, ಹೆಬ್ಬೆರಳು ನಿಲ್ಲದೆ ಮುಂದಕ್ಕೆ ಓಡುತ್ತದೆ. 2025ರ ಜನವರಿಯಲ್ಲಿ ಪ್ರೊಫೈಲ್ ಗ್ರಿಡ್ (ನಮ್ಮ ಪುಟದಲ್ಲಿ ಫೋಟೋಗಳು ಸಾಲಾಗಿ ಕಾಣುವ ಜಾಗ) ಕೂಡ ಚೌಕ ಬಿಟ್ಟು ಎತ್ತರದ ಆಕಾರಕ್ಕೆ ತಿರುಗಿತು. ಪಕ್ಕದಿಂದ ತೆಗೆದ ಶೂ ಅಲ್ಲಿ ಹೇಗೆ ಕಾಣುತ್ತೆ ಅಂದರೆ, ಮುಂದೆ ತುದಿ ಇಲ್ಲ, ಹಿಂದೆ ಹಿಮ್ಮಡಿ ಇಲ್ಲ, ನಡುವೆ ಬರೀ ಲೇಸು! ಇದರ ಮೇಲೆ ದೊಡ್ಡ ಫೋಟೋವನ್ನು 1080 ಪಿಕ್ಸೆಲ್ ಅಗಲಕ್ಕೆ ಇಳಿಸುತ್ತಾರೆ. ಸ್ವೀಡ್ ಅನ್ನೋ ನವಿರು ಚರ್ಮದ ಸಣ್ಣ ಕೂದಲು, ಚರ್ಮದ ಕೂದಲೆಳೆ ಬಿರುಕು ಎಲ್ಲ ನುಣ್ಣಗಾಗಿಬಿಡುತ್ತದೆ. ಶೂ ಚೆನ್ನಾಗಿ ಕಾಣುತ್ತೆ ನಿಜ. ಸವೆದಿದೆ ಅಂತ ತೋರಿಸೋಕೆ ಹೊರಟವರಿಗೆ ಅದೇ ಅಲ್ವಾ ತೊಂದರೆ? ಒಂದೇ ಪೋಸ್ಟ್‌ಗೆ 20 ಫೋಟೋವರೆಗೆ ಸೇರಿಸಬಹುದು ಅನ್ನೋದು ಒಳ್ಳೇದೇ, ಆದರೆ ಅಟ್ಟೆಯ ಫೋಟೋವರೆಗೆ ಸರಿಸಿ ನೋಡುವವರು ಎಷ್ಟು ಜನ?

ರೆಡ್ಡಿಟ್ ಮಾತುಕತೆಗೆ ಸರಿಯಾದ ಜಾಗ. ಅಲ್ಲಿನ ಸ್ನೀಕರ್ ಗುಂಪಿನಲ್ಲಿ ಹಳೆ ಜೋಡಿ ಹಾಕಿದರೆ ಯಾರಾದರೂ ಒಬ್ಬರು ನಿಜವಾಗಿ ಕಣ್ಣಿಟ್ಟು ನೋಡುತ್ತಾರೆ. ಪಾಲಿಯುರೆಥೇನ್ ಅನ್ನೋ ಫೋಮ್‌ನ ಮಿಡ್‌ಸೋಲ್ ಇದ್ದರಂತೂ ಇದು ಬಹಳ ಉಪಯೋಗ. ಆ ವಸ್ತು ಗಾಳಿಯ ತೇವ ಹೀರಿ ನಿಧಾನಕ್ಕೆ ಒಳಗಿಂದಲೇ ಒಡೆಯುತ್ತದೆ, ಡಬ್ಬದಲ್ಲೇ ಇಟ್ಟ ಜೋಡಿಯನ್ನೂ ಬಿಡುವುದಿಲ್ಲ. ಪುಡಿಪುಡಿಯಾಗಿ ಉದುರುವ ಮೊದಲು ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ, ಅಥವಾ ಮುಟ್ಟಿದರೆ ಅಂಟಂಟು. ಹತ್ತಿರದಿಂದ ತೆಗೆದ ಒಂದು ಒಳ್ಳೆ ಫೋಟೋ ಇದ್ದರೆ ಗೊತ್ತಿರುವವರು ‘ಇದನ್ನು ಹಾಕ್ಕೊಂಡು ಹೊರಗೆ ಹೋಗಬೇಡಿ’ ಅಂತ ಹೇಳಿಬಿಡುತ್ತಾರೆ. ಬೀಟರ್ (ದಿನಾ ಹಾಕಿ ಸವೆಸುವ ಶೂ) ಅಂತ ಕರೆದು ಸವೆದ ಶೂಗೂ ಮರ್ಯಾದೆ ಕೊಡುವ ಜನ ಅಲ್ಲಿದ್ದಾರೆ. ಆದರೆ ಅಲ್ಲಿ ಪೋಸ್ಟ್‌ನ ಆಯಸ್ಸು ಕಡಿಮೆ. ಹೊಸದು ಬಂದ ಹಾಗೆ ಹಳೆಯದು ಕೆಳಗೆ ಹೋಗುತ್ತದೆ. ಒಂದೇ ಜೋಡಿಯ ಹೋದ ವರ್ಷದ ಫೋಟೋ, ಈ ವರ್ಷದ ಫೋಟೋ ಒಟ್ಟಿಗೆ ನೋಡಬೇಕು ಅಂದರೆ ಹುಡುಕಾಟವೇ ಗತಿ.

ಈ ಕೆಲಸಕ್ಕೆ ಫ್ಲಿಕರ್ ಸರಿಹೊಂದುತ್ತದೆ. 2004ರಲ್ಲಿ ಶುರುವಾದ ಸೈಟು, ನಡುವೆ ಯಾಹೂ ಕೈಲಿತ್ತು, 2018ರಿಂದ ಸ್ಮಗ್‌ಮಗ್ ಅನ್ನೋ ಕಂಪನಿ ಅದರ ಒಡೆಯ. ನೋಡೋಕೆ ಸ್ವಲ್ಪ ಹಳೇ ಕಾಲದ್ದೇ. ಆದರೆ ಫೋಟೋ ಯಾವ ಅಳತೆಯಲ್ಲಿದೆಯೋ ಅದೇ ಅಳತೆಯಲ್ಲಿ ಇರುತ್ತದೆ, ಒಂದೊಂದು ಫೋಟೋ 200 ಎಂಬಿವರೆಗೆ ಇರಬಹುದು, ಅಡ್ಡವೋ ಉದ್ದವೋ ಅದರ ತಕರಾರಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಫೋಟೋ ಹಾಕಿದ ದಿನ ಮಾತ್ರವಲ್ಲ, ತೆಗೆದ ದಿನದ ಪ್ರಕಾರವೂ ಅದು ಜೋಡಿಸಿ ಕೊಡುತ್ತದೆ. ಒಂದು ಜೋಡಿಗೆ ಒಂದು ಆಲ್ಬಮ್. ಹೊರಪಕ್ಕ, ಒಳಪಕ್ಕ, ಮುಂತುದಿ, ಹಿಮ್ಮಡಿ, ಅಟ್ಟೆ, ಈ 5 ಕಡೆಯಿಂದ ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ದೂರದಿಂದ ತೆಗೆಯುತ್ತೇನೆ. ಆಲ್ಬಮ್ ಮೇಲಿಂದ ಕೆಳಗೆ ನೋಡುತ್ತಾ ಹೋದರೆ ಶೂ ಹೇಗೆ ಮುದಿಯಾಯಿತು ಅಂತ ಕಣ್ಣಿಗೇ ಕಾಣುತ್ತದೆ. ನನ್ನ ಬಲಗಾಲಿನ ಹಿಮ್ಮಡಿ ಎಡಗಾಲಿಗಿಂತ ಬೇಗ ಸವೆಯುತ್ತದೆ ಅಂತ ಗೊತ್ತಾದದ್ದೇ ಹೀಗೆ.

ಬೆಳಕಿನ ವಿಷಯ ಒಂದು ಮಾತು. ಫ್ಲ್ಯಾಶ್ ಹಾಕಿದರೆ ಗೆರೆಗಳೆಲ್ಲ ಮಾಯ. ಕಿಟಕಿ ಪಕ್ಕ ಇಟ್ಟು ಬದಿಯಿಂದ ಬೆಳಕು ಬೀಳುವ ಹಾಗೆ ಮಾಡಿದರೆ ಒಂದೊಂದು ಮಡಿಕೆಯೂ ಎದ್ದು ಕಾಣುತ್ತದೆ. ಹಳದಿ ಬಲ್ಬಿನ ಕೆಳಗೆ ಹೊಚ್ಚಹೊಸ ಶೂ ಕೂಡ ಹಳದಿಯೇ! ಅದಕ್ಕೆ ಚೌಕಟ್ಟಿನೊಳಗೆ ಒಂದು ಬಿಳಿ ಹಾಳೆ ಇಟ್ಟಿರುತ್ತೇನೆ, ಅಟ್ಟೆಯ ಬಣ್ಣವನ್ನು ಅದರ ಜೊತೆ ಹೋಲಿಸಬಹುದು.

ಫ್ಲಿಕರ್‌ನ ಉಚಿತ ಖಾತೆಗೆ 1000 ಫೋಟೋ ಮಿತಿ ಇದೆ. ಬರೀ ಶೂಗೆ ಅದು ಧಾರಾಳ ಸಾಕು, ಮನೆಮಂದಿ ಫೋಟೋನೂ ಅಲ್ಲೇ ತುಂಬುತ್ತೇನೆ ಅನ್ನುವವರಿಗೆ ಸಾಲದು. ಅದರೊಳಗೆ ಎಲ್ಲರಿಗೂ ಕಾಣದ ಹಾಗೆ ಇಟ್ಟುಕೊಳ್ಳೋಕೆ ಬರೀ 50. ಅಂದರೆ ಉಚಿತವಾಗಿ ಬೇಕಾದರೆ ಜಗತ್ತಿಗೆ ತೋರಿಸಿ ಅನ್ನೋದು ಅವರ ಲೆಕ್ಕ. ಸವೆದ ಶೂಗೆ ಗುಟ್ಟು ಏನಿದೆ, ನನಗೇನೂ ಕಷ್ಟ ಆಗಿಲ್ಲ. ಆದರೆ ಕಾಮೆಂಟ್ ನಿರೀಕ್ಷೆ ಇಟ್ಟುಕೊಂಡು ಇಲ್ಲಿಗೆ ಬರಬೇಡಿ. ಇಲ್ಲಿ ಹಕ್ಕಿ, ಬೆಟ್ಟ, ಸೂರ್ಯಾಸ್ತದ ಜನವೇ ಜಾಸ್ತಿ.

ಜಾಗ ಯಾವುದೇ ಆಗಲಿ, ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಫೋನ್ ಫೋಟೋದೊಳಗೆ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ಅಡಗಿರಬಹುದು, ಫ್ಲಿಕರ್ ಕ್ಯಾಮೆರಾ ವಿವರಗಳನ್ನು ಫೋಟೋ ಕೆಳಗೇ ತೋರಿಸುವ ಸೈಟು. ಶೂ ಫೋಟೋ ಹೆಚ್ಚಾಗಿ ಮನೆ ಬಾಗಿಲಲ್ಲೇ ತೆಗೆಯೋದು, ಹಾಗಾಗಿ ಲೊಕೇಶನ್ ಸೆಟ್ಟಿಂಗ್ ಮುಚ್ಚಿಟ್ಟೇ ಹಾಕಿ. ಇನ್ನೊಂದು, ಒಳ್ಳೆ ಫೋಟೋ ಕದ್ದು ತಮ್ಮದೇ ಶೂ ಅಂತ ಮಾರಾಟಕ್ಕೆ ಇಡುವವರು ಇದ್ದಾರೆ. ಚೀಟಿಯಲ್ಲಿ ಖಾತೆ ಹೆಸರು, ತಾರೀಖು ಬರೆದು ಶೂ ಪಕ್ಕ ಇಟ್ಟರೆ ಅವರಿಗೆ ಕೆಲಸ ಕಷ್ಟ. ಹಾಕಿ ಸವೆದ ಶೂ ಅಂದರೆ ವಿಚಿತ್ರ ಮೆಸೇಜುಗಳೂ ಬರುತ್ತವೆ, ವಾಸನೆ ಹೇಗಿದೆ, ಸಾಕ್ಸ್ ಕೊಡ್ತೀರಾ ಅಂತೆಲ್ಲ. ಉತ್ತರ ಕೊಡೋಕೆ ಹೋಗದೆ ಬ್ಲಾಕ್ ಮಾಡಿ ಮುಂದೆ ಹೋಗಿ.

‘ಅಷ್ಟೊಂದು ಯೋಚನೆ ಯಾಕೆ, ಯಾವುದೋ ಒಂದು ಉಚಿತ ಸೈಟಿಗೆ ಹಾಕಿ ಲಿಂಕ್ ಕೊಟ್ಟರಾಯಿತು’ ಅನ್ನುವವರಿಗೆ ಫೋಟೋಬಕೆಟ್ ಕಥೆ ನೆನಪಿಸುತ್ತೇನೆ. 2017ರಲ್ಲಿ ಬೇರೆ ಸೈಟುಗಳಲ್ಲಿ ಫೋಟೋ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಅಂದುಬಿಟ್ಟರು. ಎಷ್ಟೋ ವರ್ಷದ ಫೋಟೋಗಳಿದ್ದ ಜಾಗದಲ್ಲಿ ಖಾತೆ ಬದಲಾಯಿಸಿಕೊಳ್ಳಿ ಅನ್ನುವ ಸೂಚನೆ ಮಾತ್ರ ಉಳಿಯಿತು. 2023ರಲ್ಲಿ ಇಮ್ಗರ್ ಕೂಡ ಯಾವ ಖಾತೆಗೂ ಸೇರದ, ಯಾರೂ ನೋಡದ ಹಳೆ ಫೋಟೋಗಳನ್ನು ಅಳಿಸುತ್ತೇವೆ ಅಂತ ನಿಯಮ ಬದಲಿಸಿತು. ಫ್ಲಿಕರ್ ಕೂಡ ನಾಳೆ ಏನು ಮಾಡುತ್ತೋ ಯಾರಿಗೆ ಗೊತ್ತು. ಮೂಲ ಫೋಟೋಗಳ ಒಂದು ಪ್ರತಿ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಇದ್ದೇ ಇದೆ.

ಈಗ ನನ್ನ ಪದ್ಧತಿ ಹೀಗೆ. ಎಲ್ಲ ಫೋಟೋ ಫ್ಲಿಕರ್‌ಗೆ. ಅಂಟು ಬಿಟ್ಟಿದೆ, ಅಟ್ಟೆ ಬಿರುಕು ಬಿಟ್ಟಿದೆ ಅನ್ನುವಂಥ ಪ್ರಶ್ನೆ ಇದ್ದರೆ ಅದೇ ಫೋಟೋ ರೆಡ್ಡಿಟ್‌ಗೆ. ಕಾಲಿಗೆ ಹಾಕಿಕೊಂಡು ಮೇಲಿಂದ ತೆಗೆದದ್ದು ಮಾತ್ರ ಇನ್‌ಸ್ಟಾಗ್ರಾಂಗೆ, ಯಾಕಂದರೆ ಆ ಕೋನದಲ್ಲಿ ಶೂ ಉದ್ದಕ್ಕೆ ನಿಲ್ಲುತ್ತದೆ, ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ.