ಬ್ಯಾಟರಿ ರೈಡ್-ಆನ್ ಸ್ವೀಪರ್: ಗೋದಾಮಿನಲ್ಲಿ ಮೂರು ಮಳೆಗಾಲ ಓಡಿಸಿದ ಮೇಲೆ

ಅಂಕ ಕೊಡಲೇಬೇಕೆಂದರೆ ಐದಕ್ಕೆ ನಾಲ್ಕು. ಆದರೆ ಡೀಲರ್ ಬಿಟ್ಟುಹೋದ ಸೆಟ್ಟಿಂಗ್‌ನಲ್ಲೇ ಓಡಿಸುತ್ತೀರಾದರೆ ಎರಡೂವರೆ. ನಡುವಿನ ಒಂದೂವರೆ ಅಂಕ ಎಲ್ಲಿಂದ ಬರುತ್ತದೆ ಎಂಬುದೇ ಈ ವಿಮರ್ಶೆ.

ಮೊದಲು ಯಂತ್ರ ಯಾವುದು, ಜಾಗ ಯಾವುದು ಎಂಬ ವಿವರ. 24 ವೋಲ್ಟ್ ಲೆಡ್-ಆ್ಯಸಿಡ್ ಬ್ಯಾಟರಿಯ, ಕೂತು ಓಡಿಸುವ ಸ್ವೀಪರ್, ಅಂದರೆ ನೆಲ ಗುಡಿಸುವ ಗಾಡಿ. ಮೇನ್ ಬ್ರಷ್ 70 ಸೆಂ.ಮೀ., ಬಲಗಡೆ ಒಂದು ಸೈಡ್ ಬ್ರಷ್. ಎರಡೂ ಸೇರಿದರೆ ಹತ್ತಿರಹತ್ತಿರ ಒಂದು ಮೀಟರ್ ಅಗಲ ಗುಡಿಸುತ್ತದೆ. ಹಿಂದೆ ಸುಮಾರು 100 ಲೀಟರಿನ ಹಾಪರ್ (ಕಸ ತುಂಬುವ ಪೆಟ್ಟಿಗೆ), ಅದರ ಮೇಲೆ ಮಡಿಕೆ ಮಡಿಕೆಯಾದ ಪಾಲಿಯೆಸ್ಟರ್ ಫಿಲ್ಟರ್, ಅದನ್ನು ಅಲ್ಲಾಡಿಸಿ ಧೂಳು ಉದುರಿಸುವ ಎಲೆಕ್ಟ್ರಿಕ್ ಶೇಕರ್. ಕಸವನ್ನು ಬ್ರಷ್ಷಿನ ಮೇಲಿಂದ ಹಾಯಿಸಿ ಹಿಂದಕ್ಕೆ ಎಸೆಯುವ ಓವರ್‌ಥ್ರೋ ಮಾದರಿ. ಜಾಗ ದಾಬಸ್‌ಪೇಟೆ ಕಡೆಯ ಗೋದಾಮು: ಒಳಗೆ ಟ್ರಿಮಿಕ್ಸ್ (ಹೆಚ್ಚಿನ ನೀರು ಹೀರಿ ತೆಗೆದು ಗಟ್ಟಿ ಮಾಡಿದ) ಕಾಂಕ್ರೀಟ್ ನೆಲ, ಹೊರಗೆ ಇಂಟರ್‌ಲಾಕ್ ಪೇವರ್ ಕಲ್ಲು ಹಾಸಿದ ಲಾರಿ ಯಾರ್ಡ್. ಒಳಗಿನ ಕಸವೆಂದರೆ ಸಿಮೆಂಟ್ ಧೂಳು, ರಟ್ಟಿನ ಹೊಟ್ಟು, ಸ್ಟ್ರೆಚ್ ಫಿಲ್ಮ್ (ಸರಕಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆ), ಪ್ಯಾಲೆಟ್ ಮೊಳೆ. ಹೊರಗಿನದು ಲಾರಿ ಟೈರಿನಿಂದ ಉದುರುವ ಕೆಂಪು ಮಣ್ಣು, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ತರಗೆಲೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಅಳತೆಯ ಯಂತ್ರ ಯಾರದ್ದೇ ಇರಲಿ, ಒಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ.

ಯಂತ್ರ ಸರಿಯಾಗಿ ಎತ್ತುತ್ತಿಲ್ಲ ಅಂದ ತಕ್ಷಣ ಎಲ್ಲರೂ ಮಾಡುವ ಕೆಲಸ, ಬ್ರಷ್ಷನ್ನು ಇನ್ನಷ್ಟು ಕೆಳಗಿಳಿಸಿ ಒತ್ತುವುದು. ಅದರಷ್ಟು ಹಾಳು ಕೆಲಸ ಇನ್ನೊಂದಿಲ್ಲ. ಬ್ರಷ್ ಕಸ ಎತ್ತುವುದು ಎಳೆಗಳ ತುದಿಯಿಂದ. ತುದಿ ನೆಲಕ್ಕೆ ತಾಗಿ, ಬಾಗಿ, ಚಿಮ್ಮುವಾಗ ಮರಳು ಹಾರಿ ಹಾಪರ್ ಸೇರುತ್ತದೆ. ಅತಿಯಾಗಿ ಒತ್ತಿದರೆ ಎಳೆ ಮಲಗುತ್ತದೆ, ಪಕ್ಕೆಯಿಂದ ಉಜ್ಜುತ್ತದೆ, ಚಿಮ್ಮುವುದಿಲ್ಲ. ಜೊತೆಗೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಬ್ಯಾಟರಿ ಊಟದ ಹೊತ್ತಿಗೇ ಕೆಂಪು ತೋರಿಸುತ್ತದೆ, ಬ್ರಷ್ ಅರ್ಧ ಆಯಸ್ಸಿಗೇ ಮೊಂಡಾಗುತ್ತದೆ.

ಸರಿಯಾದ ಅಳತೆ ನೋಡುವ ವಿಧಾನ ಸುಲಭ. ಸಮತಟ್ಟಾದ ಕಾಂಕ್ರೀಟಿನ ಮೇಲೆ ತೆಳ್ಳಗೆ ಸೀಮೆಸುಣ್ಣದ ಪುಡಿ ಉದುರಿಸಿ. ಗಾಡಿಯನ್ನು ಅದರ ಮೇಲೆ ನಿಲ್ಲಿಸಿ, ಮುಂದೆ ಓಡಿಸದೆ ಬ್ರಷ್ ಮಾತ್ರ ಇಳಿಸಿ 15ರಿಂದ 20 ಸೆಕೆಂಡ್ ತಿರುಗಿಸಿ. ಬ್ರಷ್ ಎತ್ತಿ ಗಾಡಿ ಸರಿಸಿ ನೋಡಿ. ಪುಡಿ ಹೋಗಿ ನೆಲ ಕಾಣುವ ಪಟ್ಟಿ ಈ ತುದಿಯಿಂದ ಆ ತುದಿಗೆ ಒಂದೇ ಅಗಲ, 50ರಿಂದ 65 ಮಿ.ಮೀ. ಇರಬೇಕು. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಬ್ರಷ್ ಓರೆಯಾಗಿ ಕೂತಿದೆ. ಒಂದು ತುದಿಯ ಹೊಂದಾಣಿಕೆ ಬೋಲ್ಟ್ ತಿರುಗಿಸಿ. ನಡುವೆ ಕಿರಿದಾಗಿ ತುದಿಗಳಲ್ಲಿ ಅಗಲವಾದರೆ ಬ್ರಷ್ ನಡುವೆ ಸವೆದಿದೆ, ಬೋಲ್ಟ್ ತಿರುಗಿಸಿ ಫಲವಿಲ್ಲ. ಒಂದೇ ತುದಿ ಬೇಗ ಸವೆಯಬಾರದು ಎಂದರೆ ಸುಮಾರು 50 ಗಂಟೆಗೊಮ್ಮೆ ಬ್ರಷ್ ಕಳಚಿ ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಹಾಕಬೇಕು. ಹತ್ತು ನಿಮಿಷದ ಕೆಲಸ. ಮಾಡುವವರು ಕಡಿಮೆ.

ಬ್ರಷ್ಷಿಗಿಂತ ದೊಡ್ಡ ವಿಷಯ ರಬ್ಬರ್ ಸ್ಕರ್ಟ್, ಅಂದರೆ ಬ್ರಷ್ ಪೆಟ್ಟಿಗೆಯ ಸುತ್ತ ನೆಲದ ಕಡೆಗೆ ಇಳಿಬಿಟ್ಟ ರಬ್ಬರ್ ಪಟ್ಟಿ. ಸರ್ವಿಸ್‌ಗೆ ಬರುವ ಹುಡುಗರು ಬ್ರಷ್ ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ, ಸ್ಕರ್ಟ್ ಕಡೆ ಬಗ್ಗಿಯೂ ನೋಡುವುದಿಲ್ಲ. ಈ ಯಂತ್ರದ ಫ್ಯಾನ್ ಕಸ ಹೀರುವುದಿಲ್ಲ ಎಂಬುದು ಮೊದಲು ಅರ್ಥವಾಗಬೇಕು. ಕಸ ಎತ್ತುವುದು ಬ್ರಷ್. ಎದ್ದ ಧೂಳು ಹೊರಗೆ ಬಾರದಂತೆ ಒಳಕ್ಕೆ ಎಳೆದು ಹಿಡಿಯುವುದಷ್ಟೇ ಫ್ಯಾನಿನ ಕೆಲಸ. ಆ ಎಳೆತ ಎಷ್ಟು ಗಟ್ಟಿ ಎಂಬುದನ್ನು ತೀರ್ಮಾನಿಸುವುದು ಸ್ಕರ್ಟಿನ ಕೆಳಗಿನ ಸಂದು. ಲೆಕ್ಕ ಹಾಕಿ ನೋಡಿ: ಬ್ರಷ್ ಪೆಟ್ಟಿಗೆಯ ಸುತ್ತಳತೆ ಎರಡೂವರೆ ಮೀಟರ್, ಫ್ಯಾನ್ ಗಂಟೆಗೆ 300 ಘನ ಮೀಟರ್ ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಸಂದು 3 ಮಿ.ಮೀ. ಇದ್ದರೆ ಗಾಳಿ ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಒಳನುಗ್ಗುತ್ತದೆ. ಅದೇ ಸಂದು ಸವೆದು 10 ಮಿ.ಮೀ. ಆದರೆ ವೇಗ ಮೂರು ಚಿಲ್ಲರೆ ಮೀಟರಿಗೆ ಇಳಿಯುತ್ತದೆ. ತಿರುಗುವ ಬ್ರಷ್ ಹೊರಕ್ಕೆ ತಳ್ಳುವ ಧೂಳನ್ನು ಹಿಡಿಯಲು ಅದು ಸಾಲದು. ಫ್ಯಾನ್ ಚೆನ್ನಾಗಿದೆ, ಫಿಲ್ಟರ್ ಹೊಸದು, ಆದರೂ ಗಾಡಿಯ ಹಿಂದೆ ಹೊಗೆಯಂತೆ ಧೂಳು ಎಂಬ ದೂರಿನ ಮೂಲ ಬಹುಪಾಲು ಇಲ್ಲೇ ಇರುತ್ತದೆ.

ನಾವು ಇಟ್ಟುಕೊಂಡ ಅಳತೆ ಹೀಗಿದೆ. ಎರಡು ಪಕ್ಕದ ಸ್ಕರ್ಟ್ ನೆಲದಿಂದ 3 ಮಿ.ಮೀ.; ಅಳೆಯಲು ಅದೇ ದಪ್ಪದ ಹಾರ್ಡ್‌ಬೋರ್ಡ್ ಚೂರು ಸಾಕು, ಅದು ಬಿಗಿಯಿಲ್ಲದೆ ತೂರಬೇಕು. ಹಿಂದಿನ ಸ್ಕರ್ಟ್ ನೆಲಕ್ಕೆ ತಾಗಿ ಸ್ವಲ್ಪ ಹಿಂದಕ್ಕೆ ಬಾಗಿರಬೇಕು, ಏಕೆಂದರೆ ಬ್ರಷ್ ಎಸೆಯಲಾಗದೆ ಕೆಳಗೆ ಬಿದ್ದ ಮರಳನ್ನು ತಡೆದು ಮತ್ತೆ ಬ್ರಷ್ಷಿಗೇ ಕೊಡುವುದು ಅದೇ. ಗಾಡಿ ದಾಟಿದ ಮೇಲೆ ಅಗಲಕ್ಕೂ ತೆಳ್ಳನೆಯ ಮರಳು ಉಳಿದರೆ ಮೊದಲು ಹಿಂದಿನ ಸ್ಕರ್ಟ್ ನೋಡಿ. ಎರಡೂ ಅಂಚಿನಲ್ಲಿ ಮಾತ್ರ ಗೆರೆ ಉಳಿದರೆ ಪಕ್ಕದವು ಸವೆದಿವೆ. ನಡುವೆ ಒಂದೇ ಗೆರೆ ಉಳಿದರೆ ಬ್ರಷ್ಷಿನಲ್ಲಿ ಆ ಭಾಗದ ಎಳೆಗಳು ಕಿತ್ತುಹೋಗಿವೆ ಅಥವಾ ಆ ಜಾಗದಲ್ಲಿ ದಾರ ಸುತ್ತಿಕೊಂಡಿದೆ. ಸ್ಕರ್ಟ್ ಬೋಲ್ಟಿನ ತೂತುಗಳು ಉದ್ದುದ್ದ ಇರುವುದರಿಂದ ಸವೆದಷ್ಟೂ ಕೆಳಗಿಳಿಸಬಹುದು. ಆ ತೂತಿನ ಕೊನೆ ಮುಟ್ಟಿದ ಮೇಲೆ ಹೊಸದು ಹಾಕಲೇಬೇಕು. ಕಂಪನಿಯ ಸ್ಕರ್ಟ್ ದುಬಾರಿ. ಅಷ್ಟೇ ದಪ್ಪದ, ಒಳಗೆ ಬಟ್ಟೆಯ ಪದರ ಇರುವ ರಬ್ಬರ್ ಹಾಳೆ ತಂದು ಕತ್ತರಿಸಿ ತೂತು ಹೊಡೆದರೆ ಕೆಲಸ ನಡೆಯುತ್ತದೆ. ಪದರವಿಲ್ಲದ ಬರೀ ರಬ್ಬರ್ ಬೇಡ, ಪೇವರ್ ಅಂಚಿಗೆ ಸಿಕ್ಕಿ ಬೇಗ ಹರಿಯುತ್ತದೆ.

ಬ್ರಷ್ಷಿನ ಮುಂದೆ ಇಳಿಬಿಟ್ಟ ರಬ್ಬರ್ ಫ್ಲ್ಯಾಪ್‌ನ ತಕರಾರು ಬೇರೆ. ಧೂಳು ಹಿಡಿದಿಡಲು ಅದು ಕೆಳಗಿರಬೇಕು, ಆದರೆ ಕೆಳಗಿದ್ದರೆ ಪೇಪರ್ ಲೋಟ, ಒಣಗಿದ ಎಲೆ, ರಟ್ಟಿನ ಚೂರುಗಳನ್ನು ಒಳಗೆ ಬಿಡದೆ ಮುಂದಕ್ಕೆ ನೂಕಿಕೊಂಡು ಹೋಗುತ್ತದೆ. ಪೆಡಲ್ ಒತ್ತಿದರೆ ಫ್ಲ್ಯಾಪ್ ಏಳುತ್ತದೆ ನಿಜ, ಆದರೆ ಆಪರೇಟರ್‌ಗಳು ಆ ಪೆಡಲ್ ಮೇಲೆ ಕಾಲಿಟ್ಟರೆ ತೆಗೆಯುವುದೇ ಇಲ್ಲ. ಪರಿಹಾರ: ಫ್ಲ್ಯಾಪ್‌ನ ಕೆಳಗಿನ ಅರ್ಧವನ್ನು 5 ಸೆಂ.ಮೀ.ಗೊಂದರಂತೆ ಬ್ಲೇಡಿನಿಂದ ಸೀಳುವುದು. ಲೋಟ ಬಂದ ಕಡೆ ಒಂದೆರಡು ಸೀಳು ಮಾತ್ರ ಏಳುತ್ತವೆ, ಉಳಿದವು ಮುಚ್ಚಿಯೇ ಇರುತ್ತವೆ. ಇಡೀ ಯಂತ್ರದಲ್ಲಿ ಕಾಸು ಖರ್ಚಿಲ್ಲದೆ ಸಿಕ್ಕ ದೊಡ್ಡ ಸುಧಾರಣೆ ಇದು.

ಸೈಡ್ ಬ್ರಷ್ ಬಗ್ಗೆ ಒಂದೇ ಮಾತು: ಬೇಕಾದಾಗ ಮಾತ್ರ ಇಳಿಸಿ. ಅದು ಫ್ಯಾನಿನ ಎಳೆತದ ಹೊರಗಿರುವುದರಿಂದ ಎಬ್ಬಿಸಿದ ಧೂಳನ್ನು ಹಿಡಿಯುವವರು ಯಾರೂ ಇಲ್ಲ. ಗೋಡೆ, ರ‍್ಯಾಕಿನ ಕಾಲು, ಕರ್ಬ್ ಪಕ್ಕ ಬೇಕೇ ಬೇಕು. ಓಣಿಯ ನಡುವೆ ಬೇಡ. ಸ್ಪೀಡ್ ಕಡಿಮೆ ಮಾಡುವ ಸ್ವಿಚ್ ಇದ್ದರೆ ಕಡಿಮೆಯಲ್ಲೇ ಇಡಿ, ಜೋರಾಗಿ ತಿರುಗಿದರೆ ಜಲ್ಲಿ ಚೂರನ್ನು ಮೇನ್ ಬ್ರಷ್ಷಿನ ದಾರಿಯಿಂದಲೇ ಆಚೆ ಎಸೆಯುತ್ತದೆ. ಅದು ಇಡೀ ವೃತ್ತವಾಗಿ ನೆಲಕ್ಕೆ ತಾಗಬಾರದು. ಮೇಲಿಂದ ನೋಡಿ, ಗಾಡಿಯ ಮುಂದಿನ ದಿಕ್ಕನ್ನು ಗಡಿಯಾರದ 12 ಎಂದುಕೊಂಡರೆ 10ರಿಂದ 3ರವರೆಗೆ ತಾಗಿ ಉಳಿದ ಕಡೆ ಎದ್ದಿರಬೇಕು.

ಬ್ರಷ್ ಎಳೆಯ ಆಯ್ಕೆಯಲ್ಲಿ ಒಳಗಿಗೂ ಹೊರಗಿಗೂ ಒಂದೇ ಬ್ರಷ್ ಸಾಕು ಎಂಬ ಸೇಲ್ಸ್‌ನವರ ಮಾತು ನಂಬಬೇಡಿ. ಸಿಮೆಂಟ್ ಧೂಳಿಗೆ ತೆಳು ಎಳೆ, ಒತ್ತೊತ್ತಾದ ಸಾಲು ಬೇಕು. ಯಾರ್ಡಿನ ಮರಳು, ಜಲ್ಲಿಗೆ ದಪ್ಪ ಪಾಲಿಪ್ರೊಪಿಲೀನ್ ಎಳೆ, ಬಿಡಿಬಿಡಿ ಸಾಲು ಬೇಕು. ನೆಲಕ್ಕೆ ಅಂಟಿದ ಮಣ್ಣು ಕೀಳಲು ತಂತಿ ಬೆರೆಸಿದ ಬ್ರಷ್ ಸಿಗುತ್ತದೆ, ಆದರೆ ಪೇವರ್ ಮೇಲೆ ಅದನ್ನು ಬಳಸಿದರೆ ಕಲ್ಲಿನ ಸಂದಿಗೆ ತುಂಬಿದ ಮರಳನ್ನೇ ಕಿತ್ತು ತೆಗೆಯುತ್ತದೆ, ಆಮೇಲೆ ಲಾರಿ ಹತ್ತಿದಾಗ ಕಲ್ಲು ಅಲುಗಾಡುತ್ತದೆ. ಪೇವರ್ ಮೇಲೆ ಮೆತ್ತಗಿನ ಬ್ರಷ್ ಕೂಡ 50 ಮಿ.ಮೀ. ಪಟ್ಟಿ ದಾಟದಂತೆ ಇಡುವುದು ಒಳ್ಳೆಯದು. ಹಳೆಯ ಕೋರ್‌ಗೆ (ಬ್ರಷ್ಷಿನ ಎಳೆ ನೆಟ್ಟ ನಡುವಿನ ದಿಂಡಿಗೆ) ಸ್ಥಳೀಯವಾಗಿ ಎಳೆ ತುಂಬಿಸಿಕೊಳ್ಳುವುದು ಅಗ್ಗ, ಆದರೆ ಎಳೆಗಳ ಉದ್ದ ಒಂದೇ ಸಮ ಇದೆಯೇ, ಕೋರ್ ತೂಕ ಒಂದೇ ಕಡೆ ಇಲ್ಲವೇ ನೋಡಿ ತೆಗೆದುಕೊಳ್ಳಿ. ತೂಕ ಸರಿಯಿಲ್ಲದ ಬ್ರಷ್ ನಡುಗಿ ಬೇರಿಂಗ್ ತಿನ್ನುತ್ತದೆ.

ಫಿಲ್ಟರ್ ವಿಷಯದಲ್ಲಿ ನಡೆಯುವ ತಪ್ಪು ಒಂದೇ, ಎಲ್ಲ ಕಡೆಯೂ ಅದೇ: ಫ್ಯಾನ್ ಆಫ್ ಮಾಡದೆ ಶೇಕರ್ ಒತ್ತುವುದು. ಗಾಳಿ ಎಳೆಯುತ್ತಿರುವಾಗ ಎಷ್ಟು ಅಲ್ಲಾಡಿಸಿದರೂ ಧೂಳು ಮಡಿಕೆಗೇ ಅಂಟಿಕೊಂಡಿರುತ್ತದೆ. ಕ್ರಮ ಇದು: ಬ್ರಷ್ ಎತ್ತಿ, ಫ್ಯಾನ್ ಆಫ್ ಮಾಡಿ, ಅದು ಪೂರ್ತಿ ನಿಲ್ಲಲಿ. ಶೇಕರ್ 20 ಸೆಕೆಂಡ್, ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಧೂಳು ಕೆಳಗೆ ಕೂತ ಮೇಲೆ ಹಾಪರ್ ಖಾಲಿ ಮಾಡಿ. ಖಾಲಿ ಮಾಡಿದ ಮೇಲೆ ಶೇಕರ್ ಒತ್ತುವವರೂ ಇದ್ದಾರೆ, ಆಗ ಖಾಲಿ ಹಾಪರ್‌ಗೆ ಮತ್ತೆ ಧೂಳು ತುಂಬಿದಂತಾಯಿತು. ಸಿಮೆಂಟ್ ಧೂಳಿನ ಜಾಗದಲ್ಲಿ ಗುಡಿಸುವಾಗ ಅರ್ಧ ಗಂಟೆಗೊಮ್ಮೆ ಶೇಕ್ ಮಾಡಬೇಕು. ಕಂಪ್ರೆಸರ್ ಗಾಳಿ ಹೊಡೆಯುವುದಾದರೆ 5 ಬಾರ್ ಮೀರಬಾರದು, ಸ್ವಚ್ಛ ಬದಿಯಿಂದ ಕೊಳೆ ಬದಿಗೆ ಹೊಡೆಯಬೇಕು, ನಳಿಕೆ ಫಿಲ್ಟರಿಗೆ ಮುಟ್ಟಿಸಬಾರದು. ಪಾಲಿಯೆಸ್ಟರ್ ಫಿಲ್ಟರನ್ನು ತೊಳೆಯಬಹುದು, ಆದರೆ ಪೂರ್ತಿ ಒಣಗದೆ ಹಾಕಿದರೆ ಮೊದಲ ಸುತ್ತಿಗೇ ಧೂಳು ಗಾರೆಯಾಗಿ ಕೂರುತ್ತದೆ. ಕಾಂಕ್ರೀಟ್ ಧೂಳಿನಲ್ಲಿ ಶ್ವಾಸಕೋಶಕ್ಕೆ ಕುತ್ತಾಗುವ ಸಿಲಿಕಾ ಇರುವುದರಿಂದ ಈ ಕೆಲಸ ಶೆಡ್ಡಿನ ಹೊರಗೆ, ಎನ್-95 ಮಾಸ್ಕ್ ಹಾಕಿಕೊಂಡೇ ಮಾಡಬೇಕು. ಕರವಸ್ತ್ರ ಕಟ್ಟಿಕೊಂಡರೆ ಆಗದು.

ಫಿಲ್ಟರ್ ಚೆನ್ನಾಗಿದ್ದೂ ಫ್ಯಾನಿನ ಬಾಯಲ್ಲಿ ಧೂಳು ಕಂಡರೆ ಸುತ್ತಲಿನ ಸೀಲ್ ನೋಡಿ. ಕತ್ತಲಲ್ಲಿ ಫಿಲ್ಟರ್ ಪೆಟ್ಟಿಗೆಯೊಳಗೆ ಟಾರ್ಚ್ ಇಟ್ಟು ಮುಚ್ಚಿದರೆ ಎಲ್ಲಿ ಬೆಳಕು ತೂರುತ್ತದೋ ಅಲ್ಲೇ ಸೋರಿಕೆ. ಹಾಪರ್ ಬಾಯಿಯ ಸ್ಪಂಜ್ ಸೀಲ್ ವರ್ಷಕ್ಕೊಮ್ಮೆ ಚಪ್ಪಟೆಯಾಗುತ್ತದೆ, ಬದಲಿಸಿ.

ಮಳೆಗಾಲದಲ್ಲಿ ಈ ಯಂತ್ರದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಒದ್ದೆ ಕೆಂಪು ಮಣ್ಣನ್ನು ಬ್ರಷ್ ಎತ್ತುವುದಿಲ್ಲ, ನೆಲಕ್ಕೆ ಬಳಿಯುತ್ತದೆ. ಅಪ್ಪಿತಪ್ಪಿ ನೀರು ನಿಂತ ಕಡೆ ದಾಟಬೇಕಾದರೆ ಫ್ಯಾನ್ ಆಫ್ ಮಾಡಿಯೇ ದಾಟಬೇಕು. ಪೇವರ್ ಒಣಗಿ ಮಣ್ಣು ಪುಡಿಯಾಗುವವರೆಗೆ ಕಾದರೆ ಅದೇ ಮಣ್ಣು ಒಂದೇ ಸುತ್ತಿಗೆ ಬರುತ್ತದೆ. ಬೀದಿ ಗುಡಿಸುವ ದೊಡ್ಡ ಲಾರಿ ಯಂತ್ರಗಳು ನೀರು ಚಿಮುಕಿಸುವುದಿಲ್ಲವೇ ಎಂದು ಕೇಳುವವರಿಗೆ: ಅಲ್ಲಿ ಧೂಳು ಅಡಗಿಸುವುದು ನೀರು, ಇಲ್ಲಿ ಬಟ್ಟೆಯ ಫಿಲ್ಟರ್. ಇದಕ್ಕೆ ಅದನ್ನು ಬೆರೆಸಲು ಬರುವುದಿಲ್ಲ.

ಸ್ಟ್ರೆಚ್ ಫಿಲ್ಮ್ ಮತ್ತು ಪ್ಯಾಕಿಂಗ್ ಪಟ್ಟಿಗಳು ಕಸವಲ್ಲ, ಯಂತ್ರದ ಶತ್ರು. ಬ್ರಷ್ಷಿನ ಎರಡೂ ತುದಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಬೇರಿಂಗ್ ಸೀಲಿನೊಳಗೆ ನುಗ್ಗುತ್ತವೆ. ಗಾಡಿ ಹೊರಡುವ ಮುನ್ನ ಒಬ್ಬರು ಕೈಯಲ್ಲಿ ಆಯ್ದುಬಿಡಬೇಕು. ಪ್ರತಿ ಪಾಳಿಯ ಕೊನೆಗೆ ಕೀ ತೆಗೆದಿಟ್ಟು ತುದಿಗಳನ್ನು ಚಾಕುವಿನಿಂದ ಬಿಡಿಸಬೇಕು. ಮೊಳೆಗೆ ಮುಂದಿನ ಬಂಪರ್ ಕೆಳಗೆ ಮ್ಯಾಗ್ನೆಟ್ ಪಟ್ಟಿ ಕಟ್ಟಿದ್ದು ಫಲ ಕೊಟ್ಟಿದೆ. ಹಿಂದೆ ಕಟ್ಟಿದರೆ ಉಳಿದ ಮೊಳೆ ಸಿಗುತ್ತದೆ, ಆದರೆ ಅಷ್ಟರಲ್ಲಿ ಸ್ಕರ್ಟ್ ತೂತಾಗಿರುತ್ತದೆ.

ವೇಗ ಗಂಟೆಗೆ 4–5 ಕಿ.ಮೀ. ಸಾಕು. ಪೇವರ್ ಮೇಲೆ ಅದಕ್ಕಿಂತ ಜೋರು ಹೋದರೆ ಬ್ರಷ್ ಕುಣಿದು ನಡುನಡುವೆ ಬಿಟ್ಟುಹೋಗುತ್ತದೆ. ಬ್ರೋಷರ್‌ನಲ್ಲಿ ಗಂಟೆಗೆ 5,000 ಚದರ ಮೀಟರ್ ಎಂದು ಬರೆಯುವುದು ಒಂದು ಮೀಟರ್ ಅಗಲವನ್ನು 5 ಕಿ.ಮೀ. ವೇಗಕ್ಕೆ ಗುಣಿಸಿದ ಲೆಕ್ಕ ಅಷ್ಟೇ. ಸುತ್ತಿಗೆ ಸುತ್ತು 15–20 ಸೆಂ.ಮೀ. ಒಂದರ ಮೇಲೊಂದು ಬರಬೇಕು, ತಿರುವು, ಶೇಕರ್, ಹಾಪರ್ ಸುರಿಯುವುದು ಎಲ್ಲ ಸೇರಿದರೆ ಕೈಗೆ ಸಿಗುವುದು ಮೂರು ಸಾವಿರದ ಆಸುಪಾಸು. ಸಾಲಿನ ಕೊನೆಗೆ ಗಾಡಿ ನಿಲ್ಲಿಸಿದ ಕೂಡಲೇ ಬ್ರಷ್ ಎತ್ತಿದರೆ ಅಲ್ಲೊಂದು ಗುಪ್ಪೆ ಉಳಿಯುತ್ತದೆ. ಎರಡು ಮೂರು ಸೆಕೆಂಡ್ ತಿರುಗಲು ಬಿಟ್ಟು ಎತ್ತಬೇಕು.

ಹಾಪರ್ 100 ಲೀಟರ್ ಎಂದರೆ 100 ಲೀಟರ್ ಮರಳಲ್ಲ. ಎಂ-ಸ್ಯಾಂಡ್ ಲೀಟರಿಗೆ ಒಂದೂವರೆ ಕೆ.ಜಿ. ಹತ್ತಿರ ತೂಗುತ್ತದೆ; ತುಂಬಿಸಿದರೆ ಒಂದೂವರೆ ಕ್ವಿಂಟಲ್. ಯಾರ್ಡಿನಲ್ಲಿ ಮೂರನೇ ಒಂದು ಭಾಗಕ್ಕೇ ಸುರಿದುಬಿಡಿ. ಬಾಯಿಯ ಹತ್ತಿರ ರಾಶಿ ಬೆಳೆದರೆ ಹೊಸ ಮರಳು ರಾಶಿಗೆ ಬಡಿದು ವಾಪಸ್ ಬ್ರಷ್ಷಿಗೇ ಬೀಳುತ್ತದೆ, ಆಪರೇಟರ್ ಬ್ರಷ್ ಸವೆದಿದೆ ಎಂದು ತಿಳಿದು ಇನ್ನಷ್ಟು ಒತ್ತುತ್ತಾನೆ.

ಇಂಥ ಯಂತ್ರ ಕೊಳ್ಳುವ ಯೋಚನೆಯಿದ್ದರೆ ಡೆಮೊ ದಿನ ಅವರು ತಂದ ರಟ್ಟಿನ ಚೂರು, ಬೋಲ್ಟ್‌ಗಳ ಮೇಲೆ ಓಡಿಸಲು ಬಿಡಬೇಡಿ. ಅವನ್ನು ಎಂಥ ಯಂತ್ರವೂ ಎತ್ತುತ್ತದೆ. ನಿಮ್ಮ ನೆಲದ 10 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪಟ್ಟಿಯನ್ನು ಚೊಕ್ಕಟವಾಗಿ ಗುಡಿಸಿ, ಅದರ ಮೇಲೆ ತೂಕ ಮಾಡಿದ 2 ಕೆ.ಜಿ. ಒಣ ಎಂ-ಸ್ಯಾಂಡ್, ಅರ್ಧ ಕೆ.ಜಿ. ಸಿಮೆಂಟ್ ಸಮನಾಗಿ ಹರಡಿ. ಸೈಡ್ ಬ್ರಷ್ ಎತ್ತಿ ಒಂದೇ ಸುತ್ತು ಓಡಿಸಲು ಹೇಳಿ. ನೆಲದಲ್ಲಿ ಉಳಿದದ್ದನ್ನು ಮೆತ್ತನೆ ಕೈಬ್ರಷ್ಷಿನಿಂದ ಗುಡಿಸಿ ತೂಗಿ. ಹಾಗೆಯೇ ಇನ್ನೊಮ್ಮೆ ಹರಡಿ, ಸೈಡ್ ಬ್ರಷ್ ಇಳಿಸಿ ಓಡಿಸಿ, ಗಾಡಿಯ ಪಕ್ಕ ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಎಷ್ಟು ಬಿಳಿ ಕೂತಿತು ನೋಡಿ. ಪೇವರ್ ಯಾರ್ಡ್ ಇದ್ದವರು ಇದನ್ನೇ ಅಲ್ಲೂ ಮಾಡಿಸಬೇಕು, ಕಾಂಕ್ರೀಟ್ ಮೇಲಿನ ಫಲಿತಾಂಶ ಅಲ್ಲಿಗೆ ಹೊಂದುವುದಿಲ್ಲ. ಮುಗಿದ ಮೇಲೆ ಬ್ರಷ್, ಸ್ಕರ್ಟ್, ಫಿಲ್ಟರ್ ಮೂರನ್ನೂ ಅಲ್ಲೇ ಕಳಚಿ ಹಾಕಿ ತೋರಿಸಲು ಕೇಳಿ. ಬ್ರಷ್ ತೆಗೆಯಲು ಸ್ಪ್ಯಾನರ್ ಹುಡುಕಾಡಿದರೆ, ನಿಮ್ಮಲ್ಲಿ ಆ 50 ಗಂಟೆಯ ತಿರುವು ನಡೆಯುವುದು ಕಷ್ಟ. ಅಂಥ ಗಾಡಿ ಬಿಟ್ಟು ಬೇರೆ ನೋಡಿ.