ಕಲಬುರಗಿ ಮೇಯರ್ ಮೊದಲು ಏನು ಹಿಡಿಯಬೇಕು: ಕೆರೆಯೋ, ಮಾರ್ಕೆಟ್ಟೋ?

ಮೇಯರ್‌ಗೆ ಸಿಗುವುದು ಒಂದೇ ವರ್ಷ. ಹಾಗಾಗಿ ಊರಿನ ಶರಣಬಸವೇಶ್ವರ ಕೆರೆ ಸರಿಪಡಿಸುವುದೋ, ಸೂಪರ್ ಮಾರ್ಕೆಟ್ ಎಂಬ ಪೇಟೆ ಪ್ರದೇಶವನ್ನು ಸುಧಾರಿಸುವುದೋ ಎಂದು ಕೇಳಿದರೆ ನಾನು ಮೊದಲು ನೋಡುವುದು ಸಮಯ. ಸೂಪರ್ ಮಾರ್ಕೆಟ್ ಕಡೆ ಫುಟ್‌ಪಾತ್, ನೆರಳು, ಶೌಚಾಲಯ ಅಷ್ಟರಲ್ಲಿ ಆಗಬಹುದು. ಶರಣಬಸವೇಶ್ವರ ಕೆರೆ ಹಾಗಲ್ಲ. ಸುಮ್ನೆ ಹೂಳು ತೆಗೆದರೆ ಸಾಲದು, ಚರಂಡಿ ನೀರು ಬಂದು ಸೇರದಂತೆಯೂ ನೋಡಿಕೊಳ್ಳಬೇಕು. ಅದು ಮುಂದಿನ ಮೇಯರ್‌ವರೆಗೂ ಎಳೆಯುವ ಕೆಲಸ.

ಖರ್ಚು ಕೆರೆಗೇ ಜಾಸ್ತಿ.

ಜನರ ಒಪ್ಪಿಗೆ ಮಾರ್ಕೆಟ್‌ನಲ್ಲಿ ಕಷ್ಟ. ತಳ್ಳುಗಾಡಿಯವರ ಹೊಟ್ಟೆಪಾಡು ಅದು, ಅಲ್ವಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ಕೂರಿಸಿ ಮಾತಾಡದೆ ಒಂದು ಕಲ್ಲೂ ಹಾಕಬಾರದು.

ವ್ಯಾಪಾರಿಗಳ ವಿಶ್ವಾಸ ಇದ್ದರೆ ಮಾರ್ಕೆಟ್ ಹಿಡಿಯಿರಿ. ಪಾಲಿಕೆಯ ಎಲ್ಲ ಪಕ್ಷದ ಸದಸ್ಯರೂ ಮುಂದಿನ ವರ್ಷಕ್ಕೂ ಜೊತೆಗಿರುತ್ತೇವೆ ಎಂದರೆ ಕೆರೆಗೆ ಕೈ ಹಾಕಿ. ನಮ್ಮ ಬಿಸಿಲಿಗೆ ಆ ನೀರು ಬೇಕು.